ವೃದ್ಧತ್ಯಾಗದ ಜನಪದ ಕಥೆಗಳು: ಒಂದು ಮನಶ್ಶಾಸ್ತ್ರೀಯ ವಿವೇಚನೆ

ಮುಪ್ಪಿನ ತಂದೆಯನ್ನೋ ತಾಯಿಯನ್ನೋ ಮನೆಯಿಂದ ಹೊತ್ತೊಯ್ದು, ಹಿಂದಿರುಗಲಾಗದ ಎಡೆಯಲ್ಲಿ ಬಿಟ್ಟುಬರುವ ಕಥೆ ಜಗತ್ತಿನ ಅನೇಕ ಜನಾಂಗಗಳಲ್ಲಿ ಪ್ರಚಲಿತವಾಗಿದೆ. ಜಪಾನಿನಲ್ಲಿ ಆ ಎಡೆ ಬೆಟ್ಟ; ಕಾಶೀದೇಶದ ಬೌದ್ಧಕಥೆಯಲ್ಲಿ ಸ್ಮಶಾನ; ರೋಮಿನಲ್ಲಿ ಸೇತುವೆ; ಸ್ವೀಡನ್ನಿನಲ್ಲಿ ಕಡಿದಾದ ಬಂಡೆ. ಹೊತ್ತೊಯ್ಯುವ ಸಾಧನವೂ ಬಂಡಿ, ಬುಟ್ಟಿ, ಡೋಲಿ, ಮಗನ ಬೆನ್ನು ಎಂದು ಬದಲಾಗುತ್ತ ಹೋಗುತ್ತದೆ. ಆದರೆ ಕಥೆಯ ಪಾತ್ರಗಳು ಬಹುಮಟ್ಟಿಗೆ ಎಲ್ಲೆಡೆಯೂ ಒಂದೇ: ದುಡಿಯಲಾರದ ಒಬ್ಬ ಮುದುಕ ಅಥವಾ ಮುದುಕಿ, ದುಡಿದು ಸಾಕಬೇಕಾದ ಒಬ್ಬ ಮಗ, ಇದನ್ನೆಲ್ಲ ನೋಡುತ್ತ ನಿಂತ ಒಂದು ಮಗು.

ಇಂತಹ ಕಥೆಯನ್ನು ಕೇಳಿದವರಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಮಾತು ಹೊರಡುತ್ತದೆ. ಹಿಂದಿನ ಕಾಲದವರು ಎಷ್ಟು ಕ್ರೂರಿಗಳಾಗಿದ್ದರು ಎಂಬುದು ಒಂದು; ನಮ್ಮ ನಾಡಿನಲ್ಲಿ ಹೀಗಿರಲಿಲ್ಲ ಎಂಬುದು ಇನ್ನೊಂದು. ಮೊದಲನೆಯ ಮಾತು ಕಥೆಯನ್ನು ಕಾಲದ ದೂರಕ್ಕೆ ತಳ್ಳುತ್ತದೆ. ಎರಡನೆಯದು ದೇಶದ ದೂರಕ್ಕೆ. ಸ್ವತಃ ಕಥೆಗಳೇ ತಮ್ಮ ಮೊದಲ ವಾಕ್ಯದಲ್ಲಿ ಇದೇ ಕೆಲಸವನ್ನು ಮಾಡುತ್ತವೆ ಎಂಬುದು ಗಮನಾರ್ಹ. ‘ಬಹಳ ಹಿಂದೆ’, ‘ಬೇರೊಂದು ರಾಜ್ಯದಲ್ಲಿ’ ಎಂದೇ ಅವು ತೊಡಗುತ್ತವೆ. ಹತ್ತಿರವಿಟ್ಟುಕೊಂಡು ನೋಡಲಾಗದ ಯಾವುದೋ ಒಂದನ್ನು ದೂರವಿಟ್ಟು ನೋಡುವ ಪ್ರಯತ್ನ ಇಲ್ಲಿದೆ. ಅದು ಯಾವುದು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಆಚಾರವೋ, ಕಥೆಯೋ?

ಮೊದಲು ಇತಿಹಾಸದ ಪ್ರಶ್ನೆಯನ್ನು ಬಗೆಹರಿಸಿಕೊಳ್ಳುವುದು ಅಗತ್ಯ. ಪ್ರಾಚೀನ ರೋಮಿನಲ್ಲಿ ಅರುವತ್ತು ದಾಟಿದವರನ್ನು ಸೇತುವೆಯಿಂದ ಕೆಳಕ್ಕೆ ತಳ್ಳುವ ಗಾದೆಯೊಂದಿತ್ತು. ಪ್ರತಿವರ್ಷ ಮೇ ತಿಂಗಳಲ್ಲಿ ಅಲ್ಲಿನ ಪುರೋಹಿತವರ್ಗ ಟೈಬರ್ ನದಿಯ ಮರದ ಸೇತುವೆಯಿಂದ ಜೊಂಡಿನ ಬೊಂಬೆಗಳನ್ನು ನೀರಿಗೆ ಎಸೆಯುತ್ತಿತ್ತು. ಈ ಬೊಂಬೆಗಳು ಹಿಂದೆ ಬಲಿಯಾಗುತ್ತಿದ್ದ ಮುದುಕರ ಪ್ರತೀಕವೆಂದು ಜನ ಹೇಳಿಕೊಳ್ಳುತ್ತಿದ್ದರು. ಕವಿ ಓವಿಡ್ ತನ್ನ ‘ಫಾಸ್ಟಿ’ ಕಾವ್ಯದಲ್ಲಿ ಇದನ್ನು ಪೂರ್ವಿಕರ ಮೇಲೆ ಹೊರಿಸಿದ ಅಪವಾದವೆಂದು ತಳ್ಳಿಹಾಕುತ್ತಾನೆ. ಮತ ಹಾಕಲು ಹಾದುಹೋಗಬೇಕಾಗಿದ್ದ ಕಿರುಸೇತುವೆಗಳಿಂದ ತರುಣರು ಮುದುಕರನ್ನು ನೂಕುತ್ತಿದ್ದರು, ಮತದ ಅಧಿಕಾರ ತಮಗೊಬ್ಬರಿಗೇ ಇರಲೆಂಬುದು ಅವರ ಉದ್ದೇಶವಾಗಿತ್ತು ಎಂಬ ಮತ್ತೊಂದು ವಿವರಣೆಯನ್ನೂ ಅವನು ದಾಖಲಿಸಿದ್ದಾನೆ. ಈ ವಿವರಣೆಯ ಮಹತ್ವ ಮುಂದೆ ತಿಳಿಯುತ್ತದೆ.

ಸ್ವೀಡನ್ನಿನಲ್ಲಿ ‘ಎತ್ತೆಸ್ತೂಪ’ ಎಂಬ ಹೆಸರಿನ ಬಂಡೆಗಳು ಅನೇಕ ಕಡೆ ಇವೆ. ಮುದುಕರು ಅಲ್ಲಿಂದ ಧುಮುಕುತ್ತಿದ್ದರೆಂಬ ಪ್ರತೀತಿಯ ಮೂಲ ಐಸ್‌ಲ್ಯಾಂಡಿನ ಒಂದು ಸಾಗಾಕಥೆ. ಅದೂ ಹಾಸ್ಯದ ಧಾಟಿಯದು. ಅಂತಹ ಆಚಾರವೊಂದಿತ್ತೆಂಬುದಕ್ಕೆ ಆಧಾರವಿಲ್ಲವೆಂಬುದು ಇತಿಹಾಸಕಾರರ ಅಭಿಪ್ರಾಯ. ಕೊರಿಯಾದಲ್ಲಿ ಈ ರೂಢಿಯನ್ನು 918ರಿಂದ 1392ರವರೆಗೆ ಆಳಿದ ಗೋರ್ಯೋ ರಾಜವಂಶದ ಹೆಸರಿನಿಂದಲೇ ಕರೆಯುತ್ತಾರೆ. ಆದರೆ ಆ ವಂಶದ ಕಾಲದಲ್ಲಿ ಹೀಗೊಂದು ಪದ್ಧತಿ ಇತ್ತೆಂಬುದನ್ನು ಇತಿಹಾಸ ಸಮರ್ಥಿಸುವುದಿಲ್ಲ. ಚೀನದ ಮತ್ತು ಬೌದ್ಧಗ್ರಂಥಗಳ ಕಥೆಗಳೇ ಅಲ್ಲಿ ನೆಲೆಯೂರಿ ದೇಶದ ಇತಿಹಾಸದಂತೆ ತೋರತೊಡಗಿದವು. ಜಪಾನಿನ ನಾಗಾನೋ ಪ್ರಾಂತದಲ್ಲಿ ‘ಒಬಾಸುತೆ’, ಎಂದರೆ ‘ಮುದುಕಿಯನ್ನು ಬಿಟ್ಟ ಎಡೆ’, ಎಂಬ ಸ್ಥಳವಿದೆ. ಅದೇ ಹೆಸರಿನ ರೈಲು ನಿಲ್ದಾಣವೂ ಇದೆ. ಆ ದೇಶದಲ್ಲಿಯೂ ವೃದ್ಧತ್ಯಾಗ ಒಂದು ಸಾಮಾನ್ಯ ಆಚಾರವಾಗಿತ್ತೆಂಬುದು ಸಿದ್ಧವಾಗಿಲ್ಲ.

ಹಾಗೆಂದ ಮಾತ್ರಕ್ಕೆ ಮುದುಕರನ್ನು ಯಾರೂ ಎಂದೂ ಕೊಲ್ಲಲಿಲ್ಲ, ತೊರೆಯಲಿಲ್ಲ ಎಂದು ತಿಳಿಯಬಾರದು. ಕ್ಷಾಮಕಾಲದಲ್ಲಿ, ಅಲೆಮಾರಿ ಜೀವನದ ಕಷ್ಟದಲ್ಲಿ ಅಂತಹ ಘಟನೆಗಳು ನಡೆದುದುಂಟು. ದೂರ ಹೋಗಬೇಕಾಗಿಯೂ ಇಲ್ಲ. ತಮಿಳುನಾಡಿನ ದಕ್ಷಿಣದ ಕೆಲವು ಜಿಲ್ಲೆಗಳಲ್ಲಿ ಹಾಸಿಗೆ ಹಿಡಿದ ವೃದ್ಧರಿಗೆ ಎಣ್ಣೆಸ್ನಾನ ಮಾಡಿಸಿ, ಎಳನೀರು ಕುಡಿಸಿ, ಸಾವನ್ನು ಬರಮಾಡಿಕೊಳ್ಳುವ ‘ತಲೈಕೂತ್ತಲ್’ ಎಂಬ ರೂಢಿ 2010ರಲ್ಲಿ ಪತ್ರಿಕೆಗಳ ಮೂಲಕ ಬೆಳಕಿಗೆ ಬಂದಿತು. ಆದರೆ ಇಲ್ಲೊಂದು ವ್ಯತ್ಯಾಸವಿದೆ. ನಿಜವಾಗಿ ನಡೆಯುವ ಕೃತ್ಯ ಗುಟ್ಟಾಗಿ ನಡೆಯುತ್ತದೆ. ಕಥೆಯಾದರೋ ಎಲ್ಲರ ಮುಂದೆ, ಮಕ್ಕಳ ಮುಂದೆಯೂ ಹೇಳಲ್ಪಡುತ್ತದೆ. ಕೃತ್ಯವಿಲ್ಲದ ನಾಡಿನಲ್ಲಿಯೂ ಕಥೆ ಬಾಳುತ್ತದೆ. ಆದುದರಿಂದ ಕಥೆಯ ಬೇರು ಹಳೆಯ ಆಚಾರದಲ್ಲಿಲ್ಲ; ಕೇಳುವವರ ಮನಸ್ಸಿನಲ್ಲಿದೆ.

ಈ ಕಥೆಗಳನ್ನು ಅವು ಮಗನನ್ನು ಹೇಗೆ ತಿದ್ದುತ್ತವೆ ಎಂಬುದನ್ನು ನೋಡಿ ಮೂರು ಬಗೆಯಾಗಿ ವಿಂಗಡಿಸಬಹುದು. ಒಂದರಲ್ಲಿ ಭಯವು ಅವನನ್ನು ತಿದ್ದುತ್ತದೆ, ಇನ್ನೊಂದರಲ್ಲಿ ಲಾಭ, ಮತ್ತೊಂದರಲ್ಲಿ ಪ್ರೀತಿ.

ಮೊಮ್ಮಗನ ಗುಂಡಿ

ಭಯದ ಕಥೆಗೆ ಅತ್ಯುತ್ತಮ ನಿದರ್ಶನ ಪಾಲಿ ಜಾತಕಗಳಲ್ಲಿ 446ನೆಯದಾದ ‘ತಕ್ಕಲ ಜಾತಕ’. ಕಾಶೀದೇಶದ ಹಳ್ಳಿಯೊಂದರಲ್ಲಿ ಒಬ್ಬ ಮಗ ತನ್ನ ಮುದಿತಂದೆಯನ್ನು ಭಕ್ತಿಯಿಂದ ಸಾಕುತ್ತಿದ್ದನು. ಮದುವೆಯಾಗಿ ಬಂದ ಹೆಂಡತಿ ಕೆಲವು ಕಾಲದ ಅನಂತರ ಮಾವನನ್ನು ಸಹಿಸದಾದಳು. ಅವನನ್ನು ಸ್ಮಶಾನಕ್ಕೆ ಕರೆದೊಯ್ದು ಕೊಂದು ಹೂಳಿಬರುವಂತೆ ಗಂಡನನ್ನು ಒಪ್ಪಿಸಿದಳು. ಏಳು ವರ್ಷದ ಮಗು ಈ ಮಾತನ್ನು ಕೇಳಿಸಿಕೊಂಡು, ತಾನೂ ಬರುವೆನೆಂದು ಬಂಡಿ ಹತ್ತಿತು. ಸ್ಮಶಾನದಲ್ಲಿ ತಂದೆ ಗುಂಡಿ ತೋಡುತ್ತಿದ್ದಾಗ ಮಗು, ಇಲ್ಲಿ ಗೆಡ್ಡೆಗೆಣಸುಗಳಿಲ್ಲವಲ್ಲ, ಏಕೆ ಅಗೆಯುವೆ ಎಂದು ಕೇಳಿತು. ತಂದೆ ನಿಜವನ್ನೇ ಹೇಳಿದನು. ಮಗು ಗುದ್ದಲಿ ಹಿಡಿದು ಪಕ್ಕದಲ್ಲಿಯೇ ಇನ್ನೊಂದು ಗುಂಡಿಯನ್ನು ಅಗೆಯತೊಡಗಿತು. ಇದು ಮನೆತನದ ಪದ್ಧತಿಯಾಗುವುದಾದರೆ ನಿನಗೂ ಒಂದು ಗುಂಡಿ ಬೇಕಾಗುತ್ತದೆ ಎಂಬುದು ಅದರ ವಿವರಣೆ. ತಂದೆಯ ಕಣ್ಣು ತೆರೆಯಿತು. ಮೂವರೂ ಅದೇ ಬಂಡಿಯಲ್ಲಿ ಮನೆಗೆ ಮರಳಿದರು.

ಇದೇ ಕಥೆ ಜರ್ಮನಿಯಲ್ಲಿ ಗ್ರಿಮ್ ಸೋದರರು 1812ರಲ್ಲಿ ಪ್ರಕಟಿಸಿದ ಸಂಗ್ರಹದಲ್ಲಿ ಬೇರೊಂದು ರೂಪದಲ್ಲಿ ಬರುತ್ತದೆ. ಕೈ ನಡುಗುವ ಅಜ್ಜನಿಗೆ ಮೂಲೆಯಲ್ಲಿ ಮರದ ಬಟ್ಟಲಿನಲ್ಲಿ ಊಟ; ನಾಲ್ಕು ವರ್ಷದ ಮೊಮ್ಮಗ ಮರದ ಚೂರುಗಳನ್ನು ಜೋಡಿಸುತ್ತ ಕುಳಿತಿರುತ್ತಾನೆ; ಕೇಳಿದರೆ, ತಾನು ದೊಡ್ಡವನಾದ ಮೇಲೆ ಅಪ್ಪ ಅಮ್ಮ ಉಣ್ಣಲು ದೋಣಿಯೊಂದನ್ನು ಮಾಡುತ್ತಿದ್ದೇನೆ ಎನ್ನುತ್ತಾನೆ. ರಷ್ಯದ ಟಾಲ್‌ಸ್ಟಾಯ್ ಇದನ್ನು ಮಕ್ಕಳಿಗಾಗಿ ಮತ್ತೆ ಬರೆದನು. ಚೀನದಲ್ಲಿ ಅಜ್ಜನನ್ನು ಹೊತ್ತೊಯ್ದ ಡೋಲಿಯನ್ನು, ಜಪಾನಿನಲ್ಲಿ ಬುಟ್ಟಿಯನ್ನು ಮೊಮ್ಮಗ ಮನೆಗೆ ಹಿಂದಕ್ಕೆ ತರುತ್ತಾನೆ. ದಕ್ಷಿಣ ಭಾರತದ ಮನೆಗಳಲ್ಲಿ ಅದು ಅಜ್ಜನಿಗೆ ಗಂಜಿ ಹಾಕುವ ತೆಂಗಿನ ಕರಟ. ಜಾನಪದ ವಿದ್ವಾಂಸರ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಈ ಕಥಾವರ್ಗಕ್ಕೆ 980 ಎಂಬ ಸಂಖ್ಯೆಯಿದೆ.

ಈ ಕಥೆಯೊಳಗೆ ಮನಸ್ಸಿನ ಮೂರು ವ್ಯಾಪಾರಗಳು ಕಾಣುತ್ತವೆ. ಮೊದಲನೆಯದು ಒಂದು ಬಯಕೆಯ ಅಂಗೀಕಾರ. 1900ರ ಮುದ್ರೆ ಹೊತ್ತು ಬಂದ ಸ್ವಪ್ನವಿಚಾರದ ಗ್ರಂಥದಲ್ಲಿ ಫ್ರಾಯ್ಡ್, ಪ್ರೀತಿಪಾತ್ರರು ಸತ್ತಂತೆ ಕಾಣುವ ಕನಸಿನ ಹಿಂದೆ ಎಂದೋ ಒಮ್ಮೆ ಮನಸ್ಸಿನಲ್ಲಿ ಸುಳಿದ ಬಯಕೆ ಇರುತ್ತದೆಯೆಂದನು. ಒಬ್ಬರ ವಿಷಯದಲ್ಲಿಯೇ ಪ್ರೀತಿಯೂ ಅಸಹನೆಯೂ ಏಕಕಾಲದಲ್ಲಿ ಇರಬಲ್ಲವೆಂಬುದನ್ನು ಮನಶ್ಶಾಸ್ತ್ರವು ಉಭಯಭಾವವೆನ್ನುತ್ತದೆ. ಹಾಸಿಗೆ ಹಿಡಿದ ತಾಯಿಯ ಸೇವೆಯನ್ನು ವರ್ಷಗಟ್ಟಲೆ ಮಾಡಿದ ಸಜ್ಜನನ ಮನಸ್ಸಿನಲ್ಲಿಯೂ ಒಂದು ರಾತ್ರಿ ‘ಇದು ಮುಗಿಯಬಾರದೆ’ ಎಂಬ ಭಾವ ಮಿಂಚಿ ಹೋಗಿರಬಹುದು. ಮರುಕ್ಷಣವೇ ಅವನು ತನ್ನನ್ನು ತಾನೇ ಪಾಪಿಯೆಂದು ಹಳಿದುಕೊಳ್ಳುತ್ತಾನೆ. ಆ ಮಾತನ್ನು ಬಾಯಿಬಿಟ್ಟು ಆಡಲು ಅವನಿಗೆ ಲೋಕದಲ್ಲಿ ಎಡೆಯಿಲ್ಲ. ಕಥೆ ಆ ಎಡೆಯನ್ನು ಕೊಡುತ್ತದೆ. ಅಲ್ಲಿ ಇನ್ನೊಬ್ಬ ಮಗ ಸ್ಮಶಾನದವರೆಗೂ ಹೋಗುತ್ತಾನೆ, ಗುಂಡಿಯನ್ನೂ ತೋಡುತ್ತಾನೆ, ಕಡೆಗೆ ಹಿಂದಿರುಗುತ್ತಾನೆ. ಕೇಳುವವನು ತನ್ನ ಭಾವವನ್ನು ಅವನ ಜೊತೆಗೆ ಕಳುಹಿಸಿ, ಅವನ ಜೊತೆಗೇ ಮನೆಗೆ ಕರೆತರುತ್ತಾನೆ.

ಎರಡನೆಯದು ಹೊಣೆಯ ಜಾರಿಕೆ. ಜಾತಕದಲ್ಲಿ ದುರಾಲೋಚನೆಯೆಲ್ಲ ಹೆಂಡತಿಯದು. ಜಪಾನಿನ ಕಥೆಯಲ್ಲಿಯೂ ಹಾಗೆಯೇ. ತನ್ನ ಮನಸ್ಸಿನ ಒಪ್ಪಲಾಗದ ಭಾವವನ್ನು ಇನ್ನೊಬ್ಬರ ಮೇಲೆ ಹೊರಿಸುವ ಈ ಕ್ರಮಕ್ಕೆ ಮನಶ್ಶಾಸ್ತ್ರದಲ್ಲಿ ಆರೋಪಣವೆಂದು ಹೆಸರು. ಮಗನ ಮನಸ್ಸಿನಲ್ಲಿ ಹುಟ್ಟಿದ್ದು ಸೊಸೆಯ ಬಾಯಿಂದ ಹೊರಡುತ್ತದೆ. ಗುದ್ದಲಿ ಹಿಡಿದವನು ಯಾರೆಂಬುದನ್ನು ಕಥೆಯನ್ನು ಹೇಳುವವರು ಮರೆಯಬಹುದು; ಕಥೆ ಮರೆತಿಲ್ಲ. ಇಂದಿಗೂ ವೃದ್ಧರ ಕಷ್ಟವನ್ನು ಹೇಳುವಾಗ ಸೊಸೆಯೊಬ್ಬಳನ್ನೇ ದೂಷಿಸಿ ಮಗನನ್ನು ಮುಗ್ಧನೆಂದು ಬಿಡುವ ವಾಡಿಕೆಯ ಮೂಲ ಇಲ್ಲಿದೆ. ಸೇವೆಯ ಭಾರವೆಲ್ಲ ಅವಳ ಮೇಲೆಯೇ ಬೀಳುತ್ತದೆಂಬುದನ್ನಾಗಲಿ, ನೆರವಿಲ್ಲದ ಅವಳ ದಣಿವನ್ನಾಗಲಿ ಈ ಕಥೆಗಳು ಗಮನಿಸುವುದಿಲ್ಲ.

ಮೂರನೆಯದೇ ಮುಖ್ಯವಾದುದು: ಕಾಲದ ಕನ್ನಡಿ. ಮಗು ಬುದ್ಧಿವಾದವನ್ನು ಹೇಳುವುದಿಲ್ಲ. ತಂದೆಯ ಕೆಲಸವನ್ನೇ ಅನುಕರಿಸುತ್ತದೆ. ಆ ಅನುಕರಣದಲ್ಲಿ ಮಗನು ಏಕಾಏಕಿ ಮುದುಕನಾಗುತ್ತಾನೆ. ಎರಡನೆಯ ಗುಂಡಿಯನ್ನು ಕಂಡ ಕ್ಷಣದಲ್ಲಿ ಮೊದಲನೆಯ ಗುಂಡಿಯಲ್ಲಿ ಬೀಳಬೇಕಾದವನು ಯಾರೆಂಬುದು ಅವನಿಗೆ ಹೊಳೆಯುತ್ತದೆ. ತಾನು ಹೊತ್ತುತಂದುದು ತಂದೆಯೆಂಬ ಬೇರೊಬ್ಬನನ್ನಲ್ಲ, ಮುಂದೆ ತಾನಾಗಲಿರುವ ತನ್ನನ್ನೇ.

ಭಾರತದ ಕಥಾಪರಂಪರೆಯಲ್ಲಿ ಈ ಜಾತಕಕ್ಕೆ ಒಂದು ವಿಶೇಷ ಸ್ಥಾನವಿದೆ. ಮೈಸೂರಿನಲ್ಲಿ ಹುಟ್ಟಿದ ಕವಿ, ಜಾನಪದ ವಿದ್ವಾಂಸ ಎ. ಕೆ. ರಾಮಾನುಜನ್ ಅವರು ಭಾರತೀಯ ಈಡಿಪಸ್ ಕುರಿತ ತಮ್ಮ ಪ್ರಬಂಧದಲ್ಲಿ, ಗ್ರೀಕ್ ಕಥೆಯಲ್ಲಿ ಮಗ ತಂದೆಯನ್ನು ಕೊಂದರೆ ಭಾರತೀಯ ಕಥೆಗಳಲ್ಲಿ ಆಕ್ರಮಣವು ಬಹುಮಟ್ಟಿಗೆ ತಂದೆಯಿಂದ ಮಗನ ಕಡೆಗೆ ಹರಿಯುತ್ತದೆಂದು ತೋರಿಸಿದ್ದಾರೆ. ಮಹಾಭಾರತದ ಯಯಾತಿ ತನ್ನ ಮುಪ್ಪನ್ನು ಮಗನಾದ ಪೂರುವಿಗೆ ಕೊಟ್ಟು ಅವನ ಯೌವನವನ್ನು ಪಡೆಯುತ್ತಾನೆ. ಗಿರೀಶ ಕಾರ್ನಾಡರು 1961ರ ತಮ್ಮ ‘ಯಯಾತಿ’ ನಾಟಕದಲ್ಲಿ ಪೂರುವಿನ ಹೆಂಡತಿ ಚಿತ್ರಲೇಖೆಯನ್ನು ರಂಗಕ್ಕೆ ತಂದು, ಆ ತ್ಯಾಗದ ಬೆಲೆಯನ್ನು ತೆತ್ತವರು ಯಾರೆಂದು ಕೇಳಿದರು. ಹಿರಿಯರು ಕಿರಿಯರ ಬಾಳನ್ನು ನುಂಗಿಬಿಡುವರೆಂಬ ಭಯ ಯಯಾತಿಯ ಕಥೆಯಲ್ಲಿದೆ. ಕಿರಿಯರು ಹಿರಿಯರನ್ನು ಹೂಳಿಬಿಡುವರೆಂಬ ಭಯ ತಕ್ಕಲ ಜಾತಕದಲ್ಲಿದೆ. ರೋಮಿನ ಮತದ ಸೇತುವೆಯ ವಿವರಣೆಯೂ ಇದನ್ನೇ ಸೂಚಿಸುತ್ತದೆ. ಜಗಳವಿರುವುದು ಅನ್ನದ ಪಾಲಿಗಾಗಿ ಮಾತ್ರವಲ್ಲ, ಅಧಿಕಾರದ ಪಾಲಿಗಾಗಿಯೂ ಹೌದು. ಈ ಎರಡು ಭಯಗಳು ಒಂದೇ ಮನೆಯಲ್ಲಿ, ಒಂದೇ ಸೂರಿನಡಿಯಲ್ಲಿ ಮಾತಿಲ್ಲದೆ ವಾಸಿಸುತ್ತವೆ.

ಬಚ್ಚಿಟ್ಟ ತಂದೆ

ಎರಡನೆಯ ಬಗೆಯ ಕಥೆಯೂ ಬೌದ್ಧಮೂಲದ್ದೇ. ಕ್ರಿ.ಶ. 472ರಲ್ಲಿ ಚೀನೀ ಭಾಷೆಗೆ ಬಂದ ಒಂದು ಕಥಾಸಂಗ್ರಹದಲ್ಲಿ ವೃದ್ಧರನ್ನು ಹೊರಗಟ್ಟುವ ರಾಜ್ಯವೊಂದರ ವೃತ್ತಾಂತವಿದೆ. ಅಲ್ಲಿನ ಮಂತ್ರಿಯೊಬ್ಬ ತಂದೆಯನ್ನು ಕಳುಹಿಸಲಾರದೆ ನೆಲಮಾಳಿಗೆಯಲ್ಲಿ ಬಚ್ಚಿಡುತ್ತಾನೆ. ಒಂದು ದಿನ ದೇವತೆಯೊಂದು ರಾಜನ ಮುಂದೆ ನಿಂತು ಒಗಟುಗಳನ್ನು ಒಡ್ಡುತ್ತದೆ. ಉತ್ತರ ಬಾರದಿದ್ದರೆ ರಾಜ್ಯಕ್ಕೆ ನಾಶ. ಎರಡು ಹಾವುಗಳಲ್ಲಿ ಗಂಡಾವುದು, ಹೆಣ್ಣಾವುದು? ಆನೆಯ ತೂಕವನ್ನು ಅಳೆಯುವುದು ಹೇಗೆ? ಎರಡೂ ಕೊನೆ ಸಮನಾಗಿರುವ ಗಂಧದ ತುಂಡಿನಲ್ಲಿ ಬುಡ ಯಾವುದು? ಒಂದೇ ರೂಪದ ಎರಡು ಕುದುರೆಗಳಲ್ಲಿ ತಾಯಿ ಯಾವುದು, ಮರಿ ಯಾವುದು? ನೆಲಮಾಳಿಗೆಯ ಮುದುಕ ಒಂದೊಂದನ್ನೂ ಬಿಡಿಸುತ್ತಾನೆ. ಮೆತ್ತನೆಯ ಬಟ್ಟೆಯ ಮೇಲೆ ಬಿಟ್ಟರೆ ಚಡಪಡಿಸುವುದು ಗಂಡುಹಾವು. ಆನೆಯನ್ನು ದೋಣಿಗೆ ಹತ್ತಿಸಿ ನೀರಿನ ಮಟ್ಟವನ್ನು ಗುರುತಿಸಿ, ಅದೇ ಮಟ್ಟಕ್ಕೆ ಮುಳುಗುವಷ್ಟು ಕಲ್ಲುಗಳನ್ನು ತುಂಬಿ ತೂಗಬೇಕು. ನೀರಿನಲ್ಲಿಟ್ಟಾಗ ಮುಳುಗುವ ಕೊನೆಯೇ ಬುಡ. ಇನ್ನು ಕುದುರೆಗಳ ಮುಂದೆ ಹುಲ್ಲು ಹಾಕಿದರೆ, ಹುಲ್ಲನ್ನು ಮತ್ತೊಂದರ ಕಡೆಗೆ ನೂಕುವುದೇ ತಾಯಿ. ಸತ್ಯ ತಿಳಿದ ರಾಜ ಆ ಕಟ್ಟಳೆಯನ್ನು ರದ್ದುಪಡಿಸುತ್ತಾನೆ.

ಭಾರತದ ನೆನಪನ್ನು ಹೊತ್ತ ಈ ಕಥೆ ಚೀನದ ಮೂಲಕ ಜಪಾನಿಗೂ ಹೋಯಿತು. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಅಲ್ಲಿನ ಅರಮನೆಯ ವಿದುಷಿ ಸೇಯಿ ಶೋನಾಗೊನ್ ಇದನ್ನು ಬರೆದಿಟ್ಟಿದ್ದಾಳೆ. ಏಳು ತಿರುವಿನ ರಂಧ್ರವಿರುವ ಮಣಿಗೆ ದಾರ ಪೋಣಿಸಬೇಕೆಂಬ ಒಗಟು ಅಲ್ಲಿ ಸೇರಿಕೊಂಡಿದೆ. ಇರುವೆಯ ಸೊಂಟಕ್ಕೆ ದಾರ ಕಟ್ಟಿ, ರಂಧ್ರದ ಇನ್ನೊಂದು ಬಾಯಿಗೆ ಜೇನು ಸವರುವುದು ಮುದುಕರು ತಿಳಿಸಿದ ಉಪಾಯ.

ಲೋಕಕ್ಕೆ ಮೇಲೆ ಕಾಣದಂತೆ, ಆದರೆ ಮನೆಯ ಅಡಿಪಾಯದಲ್ಲಿಯೇ ಬಚ್ಚಿಟ್ಟ ತಂದೆ ಒಂದು ಅರ್ಥಪೂರ್ಣ ಪ್ರತಿಮೆ. ಹಿರಿಯರ ಮಾತು ಬೇಡವೆಂದು ಹೊರಗಟ್ಟಿದವನ ಮನಸ್ಸಿನ ಕೆಳಗಿನ ಪದರದಲ್ಲಿ ಹಿರಿಯರ ಮಾತೇ ಉಳಿದಿರುತ್ತದೆ. ಸಂಕಟದ ಹೊತ್ತಿನಲ್ಲಿ ಅವನು ಇಳಿದು ಹೋಗುವುದು ಅಲ್ಲಿಗೇ. ಉತ್ತರಗಳ ಸ್ವರೂಪವೂ ಗಮನಿಸತಕ್ಕದ್ದು. ಅವು ತರ್ಕದ ಚಮತ್ಕಾರಗಳಲ್ಲ. ಹುಲ್ಲು, ನೀರು, ಮರ, ಪಶು ಇವನ್ನು ಬಹುಕಾಲ ನೋಡುತ್ತ ಬಾಳಿದವನಿಗೆ ಮಾತ್ರ ಹೊಳೆಯುವಂಥವು. ಕುದುರೆಯ ಒಗಟನ್ನು ಬಿಡಿಸುವಾಗ ಆ ತಂದೆ ತನ್ನನ್ನೇ ಕುರಿತು ಮಾತಾಡಿದ್ದಾನೆ. ತನ್ನ ಪಾಲಿನ ಹುಲ್ಲನ್ನು ಒಮ್ಮೆ ಮಗನ ಕಡೆಗೆ ನೂಕಿದವನು ಈಗ ಕತ್ತಲಲ್ಲಿ ಕುಳಿತಿದ್ದಾನೆ.

ಆದರೂ ಈ ಕಥೆಯಲ್ಲಿ ಒಂದು ಕೊರತೆಯಿದೆ. ವೃದ್ಧರನ್ನು ಉಳಿಸಿಕೊಳ್ಳಬೇಕು, ಏಕೆಂದರೆ ಅವರಿಂದ ಪ್ರಯೋಜನವಿದೆ ಎಂಬುದು ಇದರ ವಾದ. ಹಾಗಾದರೆ ಒಗಟನ್ನು ಬಿಡಿಸಲಾರದ ಮುದುಕನ ಗತಿಯೇನು? ನೆನಪು ಕಳೆದುಕೊಂಡು, ಮಗನ ಹೆಸರನ್ನೂ ಮರೆತು ಕುಳಿತ ತಾಯಿಯ ಗತಿಯೇನು? ಹಿರಿಯರು ಅನುಭವದ ಭಂಡಾರ, ಮನೆಯ ಕಾವಲು, ಮೊಮ್ಮಕ್ಕಳಿಗೆ ಆಸರೆ ಎಂದು ಸಭೆಗಳಲ್ಲಿ ಕೊಂಡಾಡುವಾಗ ಈ ಕಥೆಯ ವಾದವೇ ಪುನರುಕ್ತವಾಗುತ್ತದೆ. ಪ್ರಯೋಜನದ ಲೆಕ್ಕದಲ್ಲಿ ಉಳಿಸಿಕೊಂಡವರನ್ನು ಪ್ರಯೋಜನ ಮುಗಿದ ದಿನ ಅದೇ ಲೆಕ್ಕದಲ್ಲಿ ಕೈಬಿಡಲು ಸಾಧ್ಯ. ಮೂಲಕಥೆಯ ಕರ್ತೃವಿಗೆ ಇದರ ಅರಿವಿದ್ದಂತೆ ತೋರುತ್ತದೆ. ದೇವತೆಯ ಒಗಟುಗಳಲ್ಲಿ ಮತ್ತೊಂದಿದೆ: ಸಮುದ್ರಕ್ಕಿಂತ ಹೆಚ್ಚಿನದಾದ ಬೊಗಸೆ ನೀರು ಯಾವುದು? ತಂದೆತಾಯಿಗಳಿಗೆ, ರೋಗಿಗಳಿಗೆ ಶ್ರದ್ಧೆಯಿಂದ ಕೊಟ್ಟ ಬೊಗಸೆ ನೀರು ಎಂಬುದು ಉತ್ತರ. ಆ ನೀರಿಗೆ ಪ್ರತಿಫಲದ ಲೆಕ್ಕವಿಲ್ಲ. ಮರಳಿ ಬರಲೆಂದು ಕೊಟ್ಟುದು ಸಾಲ, ಬಾರದೆಂದು ತಿಳಿದೂ ಕೊಟ್ಟುದು ದಾಸೋಹ ಎಂಬ ವಿವೇಕವನ್ನು ಬಲ್ಲ ಓದುಗರಿಗೆ ಈ ಭೇದವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುರಿದಿಟ್ಟ ಟೊಂಗೆಗಳು

ಮೂರನೆಯ ಬಗೆಯ ಕಥೆ ಜಪಾನಿನದು. ಮಗನ ಬೆನ್ನ ಮೇಲೆ ಕುಳಿತು ಬೆಟ್ಟವನ್ನು ಏರುತ್ತಿರುವ ತಾಯಿ ದಾರಿಯುದ್ದಕ್ಕೂ ಮರದ ಕಿರುಟೊಂಗೆಗಳನ್ನು ಮುರಿದು ಬೀಳಿಸುತ್ತಾಳೆ. ಮರಳಿ ಮನೆಗೆ ಬರಲು ತನಗೇ ಗುರುತು ಮಾಡಿಕೊಳ್ಳುತ್ತಿರಬಹುದೆಂದು ಮಗ ಶಂಕಿಸುತ್ತಾನೆ. ಕೇಳಿದರೆ ತಿಳಿಯುವುದು ಬೇರೆಯೇ: ಕತ್ತಲಾದ ಮೇಲೆ ಇಳಿದು ಹೋಗುವ ಮಗ ದಾರಿ ತಪ್ಪದಿರಲೆಂದು ಅವಳು ಹಾಗೆ ಮಾಡಿದ್ದಳು.

ಇಲ್ಲಿ ಭಯವಿಲ್ಲ, ಲಾಭವಿಲ್ಲ. ಮಗನ ಮನಸ್ಸು ತನ್ನ ಅಳತೆಯಿಂದ ತಾಯಿಯ ಮನಸ್ಸನ್ನು ಅಳೆಯಹೋಗಿ ಸೋಲುತ್ತದೆ. ಆದರೆ ಈ ಕಥೆಯನ್ನೂ ಎಚ್ಚರದಿಂದಲೇ ಓದಬೇಕಾಗಿದೆ. ತೊರೆಯಲ್ಪಟ್ಟ ತಾಯಿ ತನ್ನನ್ನು ಕ್ಷಮಿಸಿಯೇ ಇರುತ್ತಾಳೆಂಬ ನಂಬಿಕೆ ತೊರೆದವನಿಗೆ ಬಹು ಹಿತವಾದುದು. ಷಿಚಿರೊ ಫುಕಜಾವಾ 1956ರಲ್ಲಿ ಬರೆದ ನಾರಯಾಮ ಬೆಟ್ಟದ ಕಥೆ ಈ ಅಂಶವನ್ನು ಆಳವಾಗಿ ಪರೀಕ್ಷಿಸುತ್ತದೆ. ಅದು 1958ರಲ್ಲಿಯೂ 1983ರಲ್ಲಿಯೂ ಚಲನಚಿತ್ರವಾಯಿತು. ಎರಡನೆಯದು ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯನ್ನು ಪಡೆಯಿತು. ಎಪ್ಪತ್ತಾದೊಡನೆ ಬೆಟ್ಟಕ್ಕೆ ಹೋಗಬೇಕಾದ ಬಡಹಳ್ಳಿಯಲ್ಲಿ ಓರಿನ್ ಎಂಬ ಮುದುಕಿಗೆ ಇನ್ನೂ ಗಟ್ಟಿಹಲ್ಲುಗಳಿವೆ. ಅದೇ ಅವಳಿಗೆ ನಾಚಿಕೆ. ಅನ್ನಕ್ಕೆ ಬಾಯ್ಬಿಡುವವಳೆಂಬ ನಗೆಮಾತನ್ನು ತಾಳಲಾರದೆ ಅವಳು ಕಲ್ಲಿಗೆ ಬಡಿದುಕೊಂಡು ತನ್ನ ಹಲ್ಲುಗಳನ್ನು ತಾನೇ ಮುರಿದುಕೊಳ್ಳುತ್ತಾಳೆ. ಪಕ್ಕದ ಮನೆಯ ಮುದುಕ ಹೋಗಲೊಪ್ಪುವುದಿಲ್ಲ. ಅವನನ್ನು ಮಗ ಕಟ್ಟಿಕೊಂಡು ಹೋಗಿ ಕಣಿವೆಗೆ ನೂಕುತ್ತಾನೆ. ಇಬ್ಬರೂ ಹೋದುದು ಒಂದೇ ಬೆಟ್ಟಕ್ಕೆ. ಊರಿನ ಕಣ್ಣಿನಲ್ಲಿ ಓರಿನಳದು ಪುಣ್ಯಮರಣ, ನೆರೆಯವನದು ಅಪಮೃತ್ಯು. ವೃದ್ಧರು ತಾವಾಗಿಯೇ ಒಪ್ಪಿಕೊಂಡರೆ ಮನೆಯವರ ಮನಸ್ಸಿಗೆ ಭಾರವಿಲ್ಲ. ‘ನನಗೇನೂ ಬೇಡ, ನಾನು ಹೀಗೇ ಇರುತ್ತೇನೆ’ ಎಂದು ಮುದುಕರು ಆಡುವ ಮಾತಿನಲ್ಲಿ ನಿಜವಾದ ವಿರಕ್ತಿ ಎಷ್ಟು, ಮುರಿದುಕೊಂಡ ಹಲ್ಲು ಎಷ್ಟು ಎಂಬುದನ್ನು ವಿವೇಚಿಸುವ ಹೊಣೆ ಕಿರಿಯರದಾಗಿದೆ.

ಒಬಾಸುತೆ ಬೆಟ್ಟದ ಕಥೆಯ ಹಳೆಯ ರೂಪ ಹತ್ತನೆಯ ಶತಮಾನದ ‘ಯಾಮಾತೊ ಮೊನೊಗತಾರಿ’ಯಲ್ಲಿದೆ. ತಂದೆತಾಯಿಗಳನ್ನು ಕಳೆದುಕೊಂಡವನನ್ನು ಸಾಕಿದವಳು ಅವನ ಅತ್ತೆವಾವಿಯ ಮುದುಕಿ. ಹೆಂಡತಿಯ ಒತ್ತಾಯಕ್ಕೆ ಮಣಿದು ಅವನು, ಬೆಟ್ಟದ ಮಠದಲ್ಲಿ ಪುಣ್ಯಕಾರ್ಯವಿದೆಯೆಂದು ನಂಬಿಸಿ, ಬೆಳುದಿಂಗಳಿನಲ್ಲಿ ಅವಳನ್ನು ಹೊತ್ತೊಯ್ದು ಬಿಟ್ಟು ಬರುತ್ತಾನೆ. ಮನೆಗೆ ಬಂದರೆ ಅದೇ ಬೆಟ್ಟದ ನೆತ್ತಿಯಿಂದ ಚಂದ್ರ ಮೇಲೇರುತ್ತಾನೆ. ರಾತ್ರಿಯೆಲ್ಲ ನಿದ್ರೆ ಬಾರದು. ಅವನು ಮರಳಿ ಹೋಗಿ ಅವಳನ್ನು ಕರೆತರುತ್ತಾನೆ. ಈ ಕಥೆಯಲ್ಲಿ ಗುಂಡಿ ತೋಡುವ ಮಗುವಿಲ್ಲ, ಬಿಡಿಸಬೇಕಾದ ಒಗಟಿಲ್ಲ, ಟೊಂಗೆ ಮುರಿದು ಕ್ಷಮಿಸುವ ತಾಯಿಯಿಲ್ಲ. ಒಬ್ಬನು, ಅವನ ನೆನಪು, ಬೆಳುದಿಂಗಳು ಇಷ್ಟೇ ಇವೆ. ಹಗಲಿನ ಗದ್ದಲದಲ್ಲಿ ಮುಚ್ಚಿಹೋಗುವ ಅಂತಸ್ಸಾಕ್ಷಿ ರಾತ್ರಿಯ ಏಕಾಂತದಲ್ಲಿ ಎದುರಿಗೆ ನಿಲ್ಲುತ್ತದೆ. ಎಲ್ಲ ವೃದ್ಧತ್ಯಾಗದ ಕಥೆಗಳಲ್ಲಿ ಮನುಷ್ಯನ ಮನಸ್ಸಿನ ಮೇಲೆ ಅತ್ಯಂತ ಹೆಚ್ಚು ವಿಶ್ವಾಸವಿಟ್ಟ ಕಥೆ ಇದು.

ಗೋಡೆಗಳ ಮುಂದೆ

ಇಷ್ಟು ಕಥೆಗಳಲ್ಲಿಯೂ ಮುದುಕರು ತಮ್ಮ ನೋವನ್ನು ತಾವೇ ಹೇಳಿಕೊಳ್ಳುವ ಸಂದರ್ಭ ವಿರಳ. ರಾಮಾನುಜನ್ ಅವರು 1991ರಲ್ಲಿ ಪ್ರಕಟಿಸಿದ ಭಾರತದ ಜನಪದ ಕಥೆಗಳ ಸಂಗ್ರಹದಲ್ಲಿ ಆ ಕೊರತೆಯನ್ನು ತುಂಬುವ ತಮಿಳು ಕಥೆಯೊಂದಿದೆ. ಇಬ್ಬರು ಮಕ್ಕಳು, ಇಬ್ಬರು ಸೊಸೆಯರೊಡನಿದ್ದ ಬಡ ವಿಧವೆಯನ್ನು ನಾಲ್ವರೂ ಹಿಂಸಿಸುತ್ತಾರೆ. ಹೇಳಿಕೊಳ್ಳಲು ಯಾರೂ ಇಲ್ಲದೆ ಅವಳ ಒಡಲು ದಿನೇ ದಿನೇ ಊದುತ್ತ ಹೋಗುತ್ತದೆ. ಮನೆಯವರು ಅದಕ್ಕೂ ಹಾಸ್ಯ ಮಾಡುತ್ತಾರೆ. ಒಂದು ದಿನ ಅವಳು ಊರಾಚೆಯ ಪಾಳುಮನೆಯೊಂದನ್ನು ಹೊಕ್ಕು, ಒಂದೊಂದು ಗೋಡೆಯ ಮುಂದೆ ನಿಂತು ಒಬ್ಬೊಬ್ಬರು ಕೊಟ್ಟ ಕಷ್ಟವನ್ನು ಹೇಳಿಕೊಳ್ಳುತ್ತಾಳೆ. ದುಃಖದ ಭಾರವನ್ನು ತಾಳಲಾರದೆ ಒಂದೊಂದೇ ಗೋಡೆ ಕುಸಿಯುತ್ತದೆ. ಒಂದೊಂದು ಕುಸಿದಾಗಲೂ ಅವಳ ಒಡಲು ಹಗುರಾಗುತ್ತದೆ.

ಆಡದ ಮಾತು ಮೈಯಲ್ಲಿ ನೆಲೆಸುತ್ತದೆಂಬ ಸತ್ಯವನ್ನು ಹಳ್ಳಿಯ ಕಥೆಗಾರ್ತಿಯರು ಹೀಗೆ ಕಂಡುಕೊಂಡರು. ಕಥೆಯ ಕೊನೆಯಲ್ಲಿ ಮಕ್ಕಳು ತಿದ್ದಿಕೊಂಡರೆಂದಾಗಲಿ, ಸೊಸೆಯರು ಕಾಲಿಗೆ ಬಿದ್ದರೆಂದಾಗಲಿ ಇಲ್ಲ. ಮುದುಕಿಗೆ ಬೇಕಾಗಿದ್ದುದು ಕೇಳುವ ಕಿವಿ. ಮನೆಯೊಳಗೆ ಅದು ಸಿಗದೆ ಅವಳು ಗೋಡೆಗಳ ಬಳಿಗೆ ಹೋದಳು. ಅನ್ನಬಟ್ಟೆಗಳಿಗೆ ಕೊರತೆಯಿಲ್ಲದ ಮನೆಯಲ್ಲಿಯೂ ವೃದ್ಧರು ಸೊರಗುವುದೇಕೆಂಬ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ.

ಬೆಟ್ಟ ಎಲ್ಲಿದೆ?

ಭಾರತದಲ್ಲಿ 2007ರಲ್ಲಿ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣದ ಕಾಯಿದೆ ಬಂದಿತು. ಹಿರಿಯರನ್ನು ಸಂಪೂರ್ಣವಾಗಿ ತೊರೆಯುವ ಉದ್ದೇಶದಿಂದ ಎಲ್ಲಿಯಾದರೂ ಬಿಟ್ಟುಹೋದವರಿಗೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಅದು ಅವಕಾಶ ಕೊಟ್ಟಿತು. ಕಥೆಯಲ್ಲಿ ಮೊಮ್ಮಗ ಮಾಡಿದ ಕೆಲಸವನ್ನು ಇಲ್ಲಿ ಕಾನೂನು ಮಾಡಬೇಕಾಗಿದೆ. ಅದು ಅಗತ್ಯವೂ ಹೌದು. ಆದರೆ ಬೆಟ್ಟವು ಯಾವಾಗಲೂ ಮನೆಯ ಹೊರಗೇ ಇರುವುದಿಲ್ಲ. ಹಿತ್ತಿಲ ಕಡೆಯ ಕೋಣೆ, ಬೇರೆ ಇಟ್ಟ ತಟ್ಟೆ, ಎದುರಿಗಿದ್ದರೂ ಅವರನ್ನು ಬಿಟ್ಟು ಅವರ ಬಗ್ಗೆಯೇ ನಡೆಯುವ ಮಾತುಕತೆ, ಕೇಳಿದ ಪ್ರಶ್ನೆಗೆ ‘ನಿಮಗೆ ತಿಳಿಯುವುದಿಲ್ಲ, ಸುಮ್ಮನಿರಿ’ ಎಂಬ ಉತ್ತರ, ಇವೂ ಬೆಟ್ಟಗಳೇ. ಇವನ್ನು ಯಾವ ಕಾಯಿದೆಯೂ ತಲುಪದು. ತಲುಪಬಲ್ಲುದು ಕಥೆ ಮಾತ್ರ, ಏಕೆಂದರೆ ಅದು ಕೆಲಸ ಮಾಡುವುದು ಮನಸ್ಸಿನೊಳಗೆ.

ಮುಪ್ಪು ಇತರರಿಗೆ ಬರುವುದೆಂದು ಪ್ರತಿಯೊಬ್ಬನೂ ನಂಬಿರುತ್ತಾನೆ. ಫ್ರಾನ್ಸಿನ ಲೇಖಕಿ ಸಿಮೋನ್ ದ ಬೋವಾ 1970ರಲ್ಲಿ ವೃದ್ಧಾಪ್ಯವನ್ನು ಕುರಿತು ಬರೆದ ಬೃಹದ್ಗ್ರಂಥವನ್ನು ತೊಡಗಿದುದು ಸಿದ್ಧಾರ್ಥನ ಪ್ರಸಂಗದಿಂದ. ದಾರಿಯಲ್ಲಿ ಮುದುಕನೊಬ್ಬನನ್ನು ಕಂಡ ರಾಜಕುಮಾರ ಮರುಗಿ ಸುಮ್ಮನಾಗಲಿಲ್ಲ. ಆ ಮುದುಕನಲ್ಲಿ ತನ್ನನ್ನೇ ಕಂಡನು. ಉಳಿದವರು ಕಾಣಲಾರದೆ ಹೋಗುವುದು ಇದನ್ನೇ ಎಂಬುದು ಆಕೆಯ ಅಭಿಪ್ರಾಯ. ತಕ್ಕಲ ಜಾತಕದ ಮಗು ಎರಡನೆಯ ಗುಂಡಿಯನ್ನು ತೋಡಿ ತಂದೆಗೆ ಮಾಡಿಸಿದ ದರ್ಶನವೂ ಇದೇ.

ವೃದ್ಧರನ್ನು ಕಂಡಾಗ ಹುಟ್ಟುವ ಅಸಹನೆ ಅವರ ಮೇಲಿನ ದ್ವೇಷವಲ್ಲ, ಬಹುಮಟ್ಟಿಗೆ ತನ್ನ ನಾಳೆಯ ಭಯ. ನಡುಗುವ ಕೈ, ಮರೆತ ಮಾತು, ಒದ್ದೆಯಾದ ಹಾಸಿಗೆ ಇವೆಲ್ಲ ತನ್ನ ಕಡೆಗೇ ನಡೆದು ಬರುತ್ತಿವೆಯೆಂಬುದನ್ನು ನೋಡಲಾರದೆ ಮನುಷ್ಯ ಮುಖ ತಿರುಗಿಸುತ್ತಾನೆ. ಮುಖ ತಿರುಗಿಸುವುದರ ಮುಂದಿನ ಹೆಜ್ಜೆಯೇ ಬೆಟ್ಟದ ಹಾದಿ. ಜನಪದ ಕಥೆಗಳು ಈ ಅಸಹನೆಯನ್ನು ಇಲ್ಲವೆನ್ನುವುದಿಲ್ಲ. ಅದು ಇದೆಯೆಂದು ಒಪ್ಪಿಕೊಂಡು, ಅದನ್ನು ಬೆಟ್ಟದವರೆಗೂ ಕರೆದೊಯ್ದು, ಅಲ್ಲಿಂದ ಹಿಂದಕ್ಕೆ ತರುತ್ತವೆ. ಮನಸ್ಸಿನಲ್ಲಿ ಕಹಿ ಸುಳಿಯಿತೆಂದು ಯಾರೂ ಕುಗ್ಗಬೇಕಾಗಿಲ್ಲ. ಸುಳಿದ ಮೇಲೆ ಹೆಜ್ಜೆ ಯಾವ ಕಡೆಗೆ ತಿರುಗಿತೆಂಬುದೇ ಮುಖ್ಯ. ಜಾತಕದ ಬಂಡಿ ಸ್ಮಶಾನಕ್ಕೆ ಹೋಗಿತ್ತು. ಆದರೆ ಅದು ಮೂವರನ್ನೂ ಕೂರಿಸಿಕೊಂಡು ಊರಿನ ಕಡೆಗೆ ತಿರುಗಿತು. ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ಜನ ಆ ಕಥೆಯನ್ನು ಹೇಳಿಕೊಂಡು ಬಂದಿರುವುದು ಆ ಒಂದು ತಿರುವಿಗಾಗಿ.